ರಸ್ತೆಯಲ್ಲಿ ಓಡಿಸುವ ಕಾರಿಗೆ ಕಾಯ್ಲೋವರ್: ಮುಂದೆ 8, ಹಿಂದೆ 6 ಅಂದ್ರೆ ಗಟ್ಟಿ ಜಾಸ್ತಿ ಆಗತ್ತಾ?

ಮೂರನೇಗೇರ್:

ಗಾಡಿ ಫ್ರಂಟ್‌ವೀಲ್ ಡ್ರೈವ್ ಟರ್ಬೊ ಹ್ಯಾಚ್‌ಬ್ಯಾಕ್. ಡ್ರೈವರ್ ಕೂತು, ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದಾಗ ಒಟ್ಟು 1400 ಕೆಜಿ. ನಾಲ್ಕು ಚಕ್ರಗಳ ಕೆಳಗೆ ತಕ್ಕಡಿ ಇಟ್ಟು ನೋಡಿದರೆ ಮುಂದಿನ ಒಂದೊಂದಕ್ಕೆ 430, ಹಿಂದಿನ ಒಂದೊಂದಕ್ಕೆ 270 ಕೆಜಿ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ), ಹಿಂದೆ ಮಲ್ಟಿಲಿಂಕ್. ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಕಂಪನಿ ಸ್ಪ್ರಿಂಗ್ ಮುಂದೆ 33 ನ್ಯೂಟನ್/ಮಿಮೀ, ಹಿಂದೆ 49 ನ್ಯೂಟನ್/ಮಿಮೀ.

ಎರಡು ಕಾಯ್ಲೋವರ್ ಕಿಟ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್, ಶಾಕ್ ಸೆಟ್) ಕಣ್ಣಲ್ಲಿವೆ.

ಕಿಟ್ ಎ: ಮೊನೊಟ್ಯೂಬ್, 32 ಕ್ಲಿಕ್‌ನ ಒಂದೇ ಅಡ್ಜಸ್ಟರ್, ಕೆಳಗಿನ ಬ್ರಾಕೆಟ್‌ನಿಂದಲೂ ಎತ್ತರ ಬದಲಿಸಬಹುದು, ಮೇಲೆ ಪಿಲ್ಲೋಬಾಲ್ ಮೌಂಟ್ (ರಬ್ಬರ್ ಬದಲು ಲೋಹದ ಗುಂಡು ಕೀಲು) ಮತ್ತು ಕ್ಯಾಂಬರ್ ಪ್ಲೇಟ್ (ಚಕ್ರದ ವಾಲು ಬದಲಿಸೋಕೆ). ಸ್ಪ್ರಿಂಗ್ 8/6 ಕೆಜಿ/ಮಿಮೀ.

ಕಿಟ್ ಬಿ: ಟ್ವಿನ್‌ಟ್ಯೂಬ್, ಡ್ಯಾಂಪಿಂಗ್ (ಶಾಕ್ ಕೊಡುವ ತಡೆ) ಫಿಕ್ಸೆಡ್, ಕಂಪನಿಯ ರಬ್ಬರ್ ಟಾಪ್ ಮೌಂಟನ್ನೇ ಬಳಸಬೇಕು, ಎತ್ತರ ಸ್ಪ್ರಿಂಗ್ ಪರ್ಚ್‌ನಿಂದ (ಸ್ಪ್ರಿಂಗ್ ಕೂರೋ ತಿರುಪಿನ ತಟ್ಟೆ) ಮಾತ್ರ. ಸ್ಪ್ರಿಂಗ್ 4.5/6.5 ಕೆಜಿ/ಮಿಮೀ.

ದಿನಾ ಓಡಾಡೋ ಗಾಡಿ. ಟ್ರ್ಯಾಕ್‌ಗೆ ವರ್ಷಕ್ಕೆ ಒಂದೆರಡು ಸಲ ಮಾತ್ರ. 25 ಮಿಮೀ ಇಳಿಸಿದರೆ ಸಾಕು. ಕಾಗದದ ಮೇಲೆ ನೋಡಿದರೆ ಎ ಕಿಟ್‌ನಲ್ಲೇ ಎಲ್ಲ ಇದೆ ಅನ್ನಿಸುತ್ತೆ. ಆದರೆ ಆ 8 ನೋಡಿದರೆ ಅನುಮಾನ. ಕ್ಲಿಕ್ ಸಾಫ್ಟ್ ಮಾಡಿದರೆ ಸರಿಹೋಗತ್ತಾ?


ಡ್ಯಾಂಪರ್_ಗ್ರಾಫ್:

ಸರಿಹೋಗಲ್ಲ. ಕ್ಲಿಕ್ಕು ಸ್ಪ್ರಿಂಗನ್ನು ಮೆತ್ತಗೆ ಮಾಡುವುದಿಲ್ಲ, ಡ್ಯಾಂಪರನ್ನು (ಶಾಕನ್ನು) ಮಾತ್ರ ಸಡಿಲ ಮಾಡುತ್ತದೆ. ಗಟ್ಟಿ ಸ್ಪ್ರಿಂಗಿಗೆ ಸಡಿಲ ಡ್ಯಾಂಪರ್ ಕೊಟ್ಟರೆ ಗಾಡಿ ಗಡುಸಾಗಿಯೂ ಇರುತ್ತದೆ, ಕುಣಿಯುತ್ತಲೂ ಇರುತ್ತದೆ.

ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತನ್ನಿ. 1 ಕೆಜಿ/ಮಿಮೀ ಅಂದರೆ 9.81 ನ್ಯೂಟನ್/ಮಿಮೀ, ಪೌಂಡ್ ಲೆಕ್ಕದಲ್ಲಿ ಇಂಚಿಗೆ ಸುಮಾರು 56. ಹಾಗಾಗಿ ನಿಮ್ಮ ಕಂಪನಿ ಸ್ಪ್ರಿಂಗ್ 3.4/5.0. ಕಿಟ್ ಎ 8/6. ಅಂದರೆ ಮುಂದೆ 2.4 ಪಟ್ಟು, ಹಿಂದೆ 1.2 ಪಟ್ಟು. ಇಷ್ಟು ನೋಡಿದರೇ ಏನೋ ಸೊಟ್ಟಗಿದೆ ಅಂತ ಗೊತ್ತಾಗಬೇಕು.

ಸ್ಪ್ರಿಂಗ್ ಮೇಲೆ ಬರೆದ ಸಂಖ್ಯೆ ಚಕ್ರಕ್ಕೆ ಹಾಗೇ ತಲುಪುವುದಿಲ್ಲ. ಚಕ್ರ 1 ಮಿಮೀ ಮೇಲೆ ಹೋದಾಗ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆ ಅನ್ನುವುದು ಮೋಷನ್ ರೇಶಿಯೊ. ಚಕ್ರದ ಬಳಿ ಸಿಗುವ ಗಟ್ಟಿತನ ಅಂದರೆ ಸ್ಪ್ರಿಂಗ್ ರೇಟ್ ಗುಣಿಸು ಈ ರೇಶಿಯೊದ ವರ್ಗ. ಸ್ಟ್ರಟ್‌ನಲ್ಲಿ ಅದು 0.95ರ ಆಸುಪಾಸು, ವರ್ಗ ಮಾಡಿದರೆ 0.90. ಹಿಂದೆ ಸ್ಪ್ರಿಂಗ್ ಕಂಟ್ರೋಲ್ ಆರ್ಮ್‌ನ ನಡುವೆ ಕೂತಿರುವುದರಿಂದ 0.65 ಅಂದುಕೊಳ್ಳೋಣ (ನೀವೇ ಅಳೆಯಿರಿ: ಆರ್ಮ್‌ನ ಒಳ ಬುಶ್‌ನಿಂದ ಸ್ಪ್ರಿಂಗ್ ಮಧ್ಯಕ್ಕೆ ಎಷ್ಟು, ಅದೇ ಬುಶ್‌ನಿಂದ ಹೊರಗಿನ ಬಾಲ್ ಜಾಯಿಂಟ್‌ಗೆ ಎಷ್ಟು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಹತ್ತಿರದ ಉತ್ತರ ಸಿಗುತ್ತದೆ). ವರ್ಗ 0.42. ಹಿಂದೆ ಹಾಕಿದ ಸ್ಪ್ರಿಂಗಿನಲ್ಲಿ ಅರ್ಧಕ್ಕಿಂತ ಕಡಿಮೆಯೇ ಚಕ್ರಕ್ಕೆ ಸಿಗುವುದು.

ಈಗ ತೂಕ. ಸ್ಪ್ರಿಂಗಿನ ಕೆಳಗೇ ಇರುವ ಚಕ್ರ, ಬ್ರೇಕು, ನಕಲ್ (ಚಕ್ರದ ಹಬ್ ಹಿಡಿದಿರುವ ತುಂಡು) ಇವನ್ನು ಕಳೆಯಿರಿ. ಮುಂದೆ 40, ಹಿಂದೆ 35 ಕಳೆದರೆ ಸ್ಪ್ರಿಂಗ್ ಹೊರುವ ತೂಕ ಮುಂದೆ 390, ಹಿಂದೆ 235 ಕೆಜಿ. ಚಕ್ರದ ಬಳಿಯ ಗಟ್ಟಿತನವನ್ನು ನ್ಯೂಟನ್/ಮೀಟರ್‌ಗೆ ತಂದು ಈ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ ಆ ಮೂಲೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಅಂತ ಬರುತ್ತದೆ.

ಕಂಪನಿ ಸ್ಪ್ರಿಂಗ್: ಮುಂದೆ 1.39 ಹರ್ಟ್ಸ್, ಹಿಂದೆ 1.49.
ಕಿಟ್ ಎ: ಮುಂದೆ 2.14, ಹಿಂದೆ 1.64.
ಕಿಟ್ ಬಿ: ಮುಂದೆ 1.61, ಹಿಂದೆ 1.70.

ರಸ್ತೆಯಲ್ಲಿ ಓಡುವ ಚುರುಕು ಗಾಡಿಗೆ 1.5ರಿಂದ 1.8 ಒಳ್ಳೆಯ ಜಾಗ. 2 ದಾಟಿದ ಮೇಲೆ ನುಣುಪು ಟ್ರ್ಯಾಕ್ ಬೇಕು. ಅದಕ್ಕಿಂತ ಮುಖ್ಯ, ಹಿಂದಿನದು ಮುಂದಿನದಕ್ಕಿಂತ ಸುಮಾರು 10% ಜಾಸ್ತಿ ಇರಬೇಕು. ಉಬ್ಬನ್ನು ಮೊದಲು ಹತ್ತುವುದು ಮುಂದಿನ ಚಕ್ರ, ಹಿಂದಿನದು ತಡವಾಗಿ ಶುರು ಮಾಡುತ್ತದೆ. ಹಿಂದಿನದು ಸ್ವಲ್ಪ ಬೇಗ ತೂಗಿದರೆ ಒಂದು ಸುತ್ತಿನೊಳಗೆ ಮುಂದಿನದನ್ನು ಹಿಡಿದು ಎರಡೂ ಜೊತೆಗೆ ಏರಿಳಿಯುತ್ತವೆ. ಎ ಕಿಟ್‌ನಂತೆ ತಿರುವುಮುರುವಾದರೆ ಉಬ್ಬು ದಾಟಿದ ಮೇಲೆ ಮೂಗು ಮತ್ತು ಬಾಲ ಸೀಸಾ ಆಡುತ್ತವೆ. ಹೈವೇಯಲ್ಲಿ ತಲೆ ಹಿಂದೆ ಮುಂದೆ ಅಲ್ಲಾಡುವುದು ಇದೇ. ಅದನ್ನು ಯಾವ ಕ್ಲಿಕ್ಕೂ ಪೂರ್ತಿ ಮುಚ್ಚಲಾರದು.

ಎ ಕಿಟ್‌ನ್ನೇ ತಗೊಳ್ಳುವುದಾದರೆ ಆರ್ಡರ್ ಮಾಡುವಾಗಲೇ ಮುಂದೆ 5, ಹಿಂದೆ 8 ಕೇಳಿ. ಮುಂದೆ 1.70, ಹಿಂದೆ 1.89 ಬರುತ್ತದೆ. ಮುಂದಿನ ಸ್ಪ್ರಿಂಗ್ 8ರಿಂದ 5ಕ್ಕೆ ಇಳಿದರೆ ಬೇಕಾದ ಡ್ಯಾಂಪಿಂಗ್ 21% ಕಡಿಮೆ ಆಗುತ್ತದೆ, ಹಿಂದೆ 6ರಿಂದ 8ಕ್ಕೆ ಏರಿದರೆ 15% ಜಾಸ್ತಿ. ಅಷ್ಟನ್ನು ಅಡ್ಜಸ್ಟರ್ ತಡೆದುಕೊಳ್ಳುತ್ತದೆ. 3 ಕೆಜಿಗಿಂತ ಹೆಚ್ಚು ದೂರ ಹೋದರೆ ಒಳಗಿನ ವಾಲ್ವಿಂಗನ್ನೇ ಬದಲಿಸಬೇಕು.

ಕಿಟ್ ಮಾರುವವರ ಹತ್ತಿರ ಒಂದನ್ನು ಕೇಳಿ: ಡೈನೊ ಗ್ರಾಫ್, ಅಂದರೆ ಯಾವ ವೇಗಕ್ಕೆ ಡ್ಯಾಂಪರ್ ಎಷ್ಟು ತಡೆಯುತ್ತದೆ ಅನ್ನುವ ಅಳತೆ. ನಿಮ್ಮ ತೂಕಕ್ಕೆ ಮುಂದೆ 5 ಕೆಜಿ ಸ್ಪ್ರಿಂಗ್ ಜೊತೆ, ಡ್ಯಾಂಪಿಂಗ್ ಅನುಪಾತ 0.65 ಬೇಕೆಂದರೆ, ಶಾಕ್ ಸೆಕೆಂಡಿಗೆ 0.1 ಮೀಟರ್ ವೇಗದಲ್ಲಿ ಚಲಿಸುವಾಗ ರೀಬೌಂಡ್ (ಚಾಚುವಾಗಿನ ತಡೆ) ಮತ್ತು ಕಂಪ್ರೆಷನ್‌ನ (ಕುಗ್ಗುವಾಗಿನ ತಡೆ) ಸರಾಸರಿ 600 ನ್ಯೂಟನ್ ಹತ್ತಿರ ಇರಬೇಕು. ರೀಬೌಂಡ್ 800, ಕಂಪ್ರೆಷನ್ 400 ಅಂದರೆ ಚೆನ್ನ. ಗ್ರಾಫೇ ಇಲ್ಲ ಅನ್ನುವವರ 32 ಕ್ಲಿಕ್‌ಗೆ ಬೆಲೆ ಕಟ್ಟಬೇಡಿ.


ಒದ್ದೆಟಾರು:

ಲೆಕ್ಕ ಸರಿ. ಆದರೆ ಮುಂದೆ 5 ಹಿಂದೆ 8 ಅಂತ ಓದಿದವರು ಅದನ್ನು ಎಲ್ಲಾ ಗಾಡಿಗೂ ಹಚ್ಚಿಬಿಡ್ತಾರೆ, ಅದಕ್ಕೇ ಬರೀತಿದ್ದೀನಿ. ಹಿಂದೆ ಗಟ್ಟಿ ಆದಷ್ಟೂ ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಟ್ಟಾಗ ಬಾಲ ಹೊರಗೆ ಬರತ್ತೆ. ಮಳೆಯಲ್ಲಿ ಫ್ರಂಟ್‌ವೀಲ್ ಡ್ರೈವ್ ಗಾಡಿಯ ಬಾಲ ಜಾರಿದರೆ ಹಿಡಿಯೋಕೆ ಸಮಯ ಸಿಗಲ್ಲ.

ಇನ್ನೊಂದು. ಕೆಲವು ಕಿಟ್‌ಗಳು ಹಿಂದೆ ಬೇರೆ ಇದ್ದ ಸ್ಪ್ರಿಂಗನ್ನು ತೆಗೆದು ಶಾಕ್ ಮೇಲೇ ಕೂರಿಸ್ತವೆ. ಪೂರ್ತಿ ಕಾಯ್ಲೋವರ್ ಅಂತ ಹೊಗಳಿ ಮಾರ್ತಾರೆ. ಬಾಡಿಯಲ್ಲಿ ಶಾಕ್‌ನ ಮೇಲಿನ ಮೌಂಟ್ ಇರುವ ಜಾಗ ಡ್ಯಾಂಪರ್‌ನ ಎಳೆತ ತಡೆಯೋಕೆ ಮಾಡಿದ್ದು, ಗಾಡಿಯ ತೂಕ ಹೊರೋಕೆ ಅಲ್ಲ. ಅಲ್ಲಿ ತಗಡು ಬಿರುಕು ಬಿಡತ್ತೆ, ಸ್ಪಾಟ್ ವೆಲ್ಡ್ ಬಿಚ್ಚತ್ತೆ. ಮೋಷನ್ ರೇಶಿಯೊನೂ ಬದಲಾಗತ್ತೆ. ಶಾಕ್ ಚಕ್ರದ ಹತ್ತಿರ ಇದ್ದು ರೇಶಿಯೊ 0.9 ಆದರೆ, ಮೇಲೆ ಹೇಳಿದ 8ರ ಬದಲು 4.2 ಸಾಕು. ಅಂಥ ಕಿಟ್‌ಗೆ 8 ಹಾಕಿದರೆ ಹಿಂದಿನ ಆಕ್ಸಲ್ ಕಲ್ಲುಬಂಡೆ. ಯಾರದ್ದೋ ಗಾಡಿಯ ನಂಬರ್ ಕಾಪಿ ಮಾಡೋದು ಇಲ್ಲೇ ಕೆಡೋದು.


ಡ್ಯಾಂಪರ್_ಗ್ರಾಫ್:

ಎರಡನೆಯ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಮೊದಲನೆಯದಕ್ಕೆ ಅರ್ಧ. ಸ್ಪ್ರಿಂಗ್‌ಗಳು ಕೊಡುವ ಓಲಾಟದ ತಡೆಯಲ್ಲಿ ಮುಂದಿನ ಪಾಲು ಎಷ್ಟು ಅಂತ ನೋಡಿ: ಕಂಪನಿ ಸ್ಪ್ರಿಂಗ್‌ನಲ್ಲಿ 59%, 5/8ರಲ್ಲಿ 57%. ಹೆಚ್ಚುಕಡಿಮೆ ಅದೇ ಸಮತೋಲ. 8/6ರಲ್ಲಿ 74%, ಅಂದರೆ ಮೂಗು ತಿರುವಿನಿಂದ ಹೊರಗೆ ಓಡುವ ಗಾಡಿ. ಅದನ್ನು ಸರಿಮಾಡಲು ಮಂದಿ ಹಿಂದೆ ದಪ್ಪ ಆಂಟಿರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ಓಲಾಟ ತಡೆಯುವ ಕಂಬಿ) ಹಾಕುತ್ತಾರೆ, ಆಮೇಲೆ ಒಳಗಿನ ಹಿಂಚಕ್ರ ಗಾಳಿಯಲ್ಲಿ. 5/8 ಹಾಕಿ ದಪ್ಪ ಬಾರ್ ಕೂಡ ಹಾಕಿದರೆ ಮಾತ್ರ ನೀವು ಹೇಳಿದ ಅಪಾಯ. ಬಾರ್ ಕಂಪನಿಯದ್ದೇ ಇರಲಿ.


ಮೂರನೇಗೇರ್:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಇಬ್ಬರಿಗೂ ಥ್ಯಾಂಕ್ಸ್. ಹಿಂದೆ ಅಳೆದೆ, 0.64 ಬಂತು.

ಎ ಕಿಟ್‌ನವರಿಗೆ ಮುಂದೆ 5 ಕೆಜಿ ಕೇಳಿದ್ದಕ್ಕೆ "ಡ್ಯಾಂಪರ್ ಸ್ಟ್ರೋಕ್ 130 ಮಿಮೀ, 5 ಹಾಕಿದರೆ ತಳ ಹೊಡೆಯುತ್ತೆ, ಪ್ರಿಲೋಡ್ ಜಾಸ್ತಿ ಕೊಡಬೇಕಾಗುತ್ತೆ" ಅಂದರು. ಪ್ರಿಲೋಡ್ ಕೊಟ್ಟರೆ, ಅಂದರೆ ಸ್ಪ್ರಿಂಗನ್ನು ಮೊದಲೇ ಹಿಸುಕಿ ಕೂರಿಸಿದರೆ, ಅದು ಗಟ್ಟಿಯಾಗಲ್ವಾ? ಹಾಗಾದರೆ 5 ಹಾಕಿ ಏನು ಬಂತು?


ಡ್ಯಾಂಪರ್_ಗ್ರಾಫ್:

ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಲೀನಿಯರ್ ಸ್ಪ್ರಿಂಗ್ ಮೊದಲ ಮಿಲಿಮೀಟರಿಗೂ 5 ಕೆಜಿ ಕೇಳುತ್ತದೆ, ನೂರನೆಯದಕ್ಕೂ 5 ಕೆಜಿ. ಪ್ರಿಲೋಡ್ ಬದಲಿಸುವುದು ಡ್ಯಾಂಪರ್ ತನ್ನ ಸ್ಟ್ರೋಕ್‌ನಲ್ಲಿ ಎಲ್ಲಿ ಕೂರುತ್ತದೆ ಅನ್ನುವುದನ್ನು.

ನಿಮ್ಮ ಮುಂದಿನ ಸ್ಪ್ರಿಂಗ್ ಮೇಲೆ ಬೀಳುವ ಭಾರ ಸುಮಾರು 4030 ನ್ಯೂಟನ್. 8 ಕೆಜಿ ಸ್ಪ್ರಿಂಗ್ ಇಷ್ಟಕ್ಕೆ 51 ಮಿಮೀ ಕುಗ್ಗುತ್ತದೆ. ಪ್ರಿಲೋಡ್ ಸೊನ್ನೆ ಅಂದರೆ ಡ್ಯಾಂಪರ್ ಕೂಡ ಪೂರ್ತಿ ಚಾಚಿದ ಜಾಗದಿಂದ 51 ಮಿಮೀ ಒಳಗೆ ಬಂದು ನಿಲ್ಲುತ್ತದೆ, ಮೇಲಕ್ಕೆ 79 ಮಿಮೀ ಉಳಿಯುತ್ತದೆ. 5 ಕೆಜಿ ಸ್ಪ್ರಿಂಗ್ ಅದೇ ಭಾರಕ್ಕೆ 82 ಮಿಮೀ ಕುಗ್ಗುತ್ತದೆ. ಪ್ರಿಲೋಡ್ ಸೊನ್ನೆಯಾದರೆ ಮೇಲಕ್ಕೆ ಉಳಿಯುವುದು 48 ಮಾತ್ರ. ಬಂಪ್ ಸ್ಟಾಪ್ (ಕೊನೆಯಲ್ಲಿ ಏಟು ತಡೆಯುವ ಫೋಮ್ ತುಂಡು) 50 ಮಿಮೀ ಉದ್ದ ಇದ್ದರೆ ಗಾಡಿ ನಿಂತಲ್ಲೇ ಅದರ ಮೇಲೆ ಕೂತಿರುತ್ತದೆ. ಅವರು ತಳ ಹೊಡೆಯುತ್ತೆ ಅಂದದ್ದು ಇದಕ್ಕೇ. ಅವರ ಕಿಟ್‌ನಲ್ಲಿ 8 ಇರುವುದೂ ಬಹುಮಟ್ಟಿಗೆ ಇದಕ್ಕೇ: ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಿಡ್ಡ ಸ್ಟ್ರೋಕ್, ಗಿಡ್ಡ ಸ್ಪ್ರಿಂಗ್, ಸೊನ್ನೆ ಪ್ರಿಲೋಡ್‌ನಲ್ಲಿ ಕೆಲಸ ಮುಗಿಯುತ್ತದೆ. ರೇಸಿಂಗ್ ಅನ್ನುವ ಮಾತು ಆಮೇಲೆ ಅಂಟಿಸಿದ್ದು.

5 ಕೆಜಿ ಸ್ಪ್ರಿಂಗಿಗೆ 30 ಮಿಮೀ ಪ್ರಿಲೋಡ್ ಕೊಡಿ. ನಿಂತಾಗ ಡ್ಯಾಂಪರ್ 82ರಲ್ಲಿ 30 ಕಳೆದು 52 ಮಿಮೀ ಒಳಗೆ ಇರುತ್ತದೆ. 8 ಕೆಜಿ ಹಾಕಿದಾಗ ಇದ್ದ ಜಾಗವೇ. ಕೆಳಗಿನ ಬ್ರಾಕೆಟ್ ಮುಟ್ಟುವುದೂ ಬೇಡ, ಎತ್ತರವೂ ಅದೇ. ಕೆಳಕ್ಕೆ 52, ಮೇಲಕ್ಕೆ 78. ರಸ್ತೆ ಗಾಡಿಗೆ ಒಟ್ಟು ಸ್ಟ್ರೋಕ್‌ನ ಮೂರನೇ ಒಂದು ಭಾಗವಾದರೂ ಕೆಳಕ್ಕೆ ಇರಬೇಕು, ಇಲ್ಲದಿದ್ದರೆ ಗುಂಡಿ ಬಂದಾಗ ಚಕ್ರ ಅದರೊಳಗೆ ಇಳಿಯುವ ಮೊದಲೇ ಡ್ಯಾಂಪರ್ ಪೂರ್ತಿ ಚಾಚಿ ಇಡೀ ಮೂಲೆಯನ್ನು ಕೆಳಗೆ ಎಳೆಯುತ್ತದೆ. ಆ ಠಪ್ ಅನ್ನುವ ಏಟನ್ನು ಎಷ್ಟೋ ಜನ ತಳ ಹೊಡೀತು ಅಂತ ತಪ್ಪು ತಿಳಿದು ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕುತ್ತಾರೆ. 52 ಇದ್ದರೆ ಆ ತೊಂದರೆ ಇಲ್ಲ.

ಒಂದೇ ಒಂದು ಕಡೆ ಎಚ್ಚರ: ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳಬಾರದು. ಬಂಪ್ ಸ್ಟಾಪ್ ಪೂರ್ತಿ ಹಿಸುಕಿ 20 ಮಿಮೀ ಉಳಿದಿದೆ ಅನ್ನಿ. ಆಗ ಡ್ಯಾಂಪರ್ ಒಳಗೆ ಹೋಗಿರುವುದು 110, ಅದಕ್ಕೆ ಪ್ರಿಲೋಡ್ 30 ಸೇರಿಸಿದರೆ ಸ್ಪ್ರಿಂಗ್ 140 ಮಿಮೀ ಕುಗ್ಗಿರುತ್ತದೆ. ಸ್ಪ್ರಿಂಗ್ ತಯಾರಕರ ಪಟ್ಟಿಯಲ್ಲಿ ಗರಿಷ್ಠ ಸ್ಟ್ರೋಕ್ ಅಂತ ಒಂದು ಕಾಲಮ್ ಇರುತ್ತದೆ, ಅದು 140ಕ್ಕಿಂತ 5-10 ಮಿಮೀ ಜಾಸ್ತಿ ಇರಲೇಬೇಕು. 200 ಮಿಮೀ ಉದ್ದದ ಸ್ಪ್ರಿಂಗಿನಲ್ಲಿ ಅಷ್ಟು ಸಿಗುವುದು ಕಷ್ಟ, 230 ಅಥವಾ 250 ನೋಡಿ. ಉದ್ದದ ಸ್ಪ್ರಿಂಗ್ ಹಾಕಿದಾಗ ಪರ್ಚ್ ಅಷ್ಟು ಕೆಳಕ್ಕೆ ಇಳಿಯುತ್ತದೆಯೇ, ಇಳಿದರೆ ಟೈರಿಗೆ ತಾಗುತ್ತದೆಯೇ ಅನ್ನುವುದೂ ಆಗಲೇ ನೋಡಬೇಕಾದದ್ದು. ಒಳವ್ಯಾಸ 60, 62, 65 ಅಂತ ಬೇರೆ ಬೇರೆ ಬರುತ್ತದೆ. ಪರ್ಚ್‌ನದ್ದನ್ನು ಅಳೆದೇ ತರಿಸಿ. 60ರ ಸ್ಪ್ರಿಂಗ್ 65ರ ಪರ್ಚ್‌ಗೆ ಕೂರುವುದೇ ಇಲ್ಲ, 65ರದ್ದು 60ರ ಮೇಲೆ ಓರೆಯಾಗಿ ಕೂತು ಡ್ಯಾಂಪರ್ ಮೈಯನ್ನು ಉಜ್ಜುತ್ತದೆ.

ಇಷ್ಟೆಲ್ಲ ತಾಪತ್ರಯ ಬೇಡ ಅನ್ನಿಸಿದರೆ ಕಿಟ್ ಬಿ ಇದೆಯಲ್ಲ. 1.61/1.70, ಮುಂದಿನ ಪಾಲು 60%. ನೀವು ಹೇಳಿದ ಬಳಕೆಗೆ ನನ್ನ ಆಯ್ಕೆ ಅದೇ. ಟ್ವಿನ್‌ಟ್ಯೂಬ್ ಅಂತ ಮೂಗು ಮುರಿಯಬೇಡಿ. ಮೊನೊಟ್ಯೂಬ್‌ನಲ್ಲಿ ಎಣ್ಣೆ, ತೇಲುವ ಪಿಸ್ಟನ್, ಗ್ಯಾಸ್ ಎಲ್ಲ ಒಂದರ ಮೇಲೊಂದು ಕೂರಬೇಕು, ಹಾಗಾಗಿ ಅದೇ ಉದ್ದದ ಮೈಯಲ್ಲಿ ಸ್ಟ್ರೋಕ್ ಕಡಿಮೆ. ಟ್ವಿನ್‌ಟ್ಯೂಬ್‌ನಲ್ಲಿ ಗ್ಯಾಸ್ ಪಕ್ಕದ ಕೋಣೆಗೆ ಹೋಗುತ್ತದೆ, ಸ್ಟ್ರೋಕ್ ಉಳಿಯುತ್ತದೆ. ಮೊನೊಟ್ಯೂಬ್ ಗೆಲ್ಲುವುದು ಬಿಸಿಯಲ್ಲಿ: ಇಪ್ಪತ್ತು ನಿಮಿಷ ಬಿಡದೆ ಟ್ರ್ಯಾಕ್ ಓಡಿದಾಗ.


ನಾಲ್ಕುಬೆರಳು_ಸಾಕು:

25 ಮಿಮೀ ಅಂತ ನಿಲ್ಲಿಸಿದ್ದು ಒಳ್ಳೆಯದಾಯ್ತು. ಅದರ ಕೆಳಗೆ ಇಳಿಸಬೇಡಿ. ಸ್ಟ್ರಟ್ ಗಾಡಿಯನ್ನು ಇಳಿಸಿದಾಗ ಕೆಳಗಿನ ಆರ್ಮ್‌ನ ಹೊರ ತುದಿ ಮೇಲಕ್ಕೆ ಮುಖ ಮಾಡುತ್ತೆ. ಆಗ ರೋಲ್ ಸೆಂಟರ್ (ಗಾಡಿ ಯಾವ ಬಿಂದುವಿನ ಸುತ್ತ ಓಲುತ್ತೋ ಅದು), ಗಾಡಿಯ ತೂಕದ ಕೇಂದ್ರಕ್ಕಿಂತ ಬೇಗ ಕೆಳಗೆ ಹೋಗುತ್ತೆ. ಎರಡರ ನಡುವಿನ ಅಂತರವೇ ಗಾಡಿಯನ್ನು ಓಲಿಸೋ ಸನ್ನೆಕೋಲು, ಅದು ಉದ್ದ ಆಗುತ್ತೆ. 45 ಮಿಮೀ ಇಳಿಸಿದ ಗಾಡಿ ಗಟ್ಟಿ ಸ್ಪ್ರಿಂಗ್ ಇದ್ದೂ ಮೊದಲಿನಷ್ಟೇ ಓಲೋದು ಇದರಿಂದ. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಪಕ್ಕದಿಂದ ಬಗ್ಗಿ ನೋಡಿ: ಬಾಲ್ ಜಾಯಿಂಟ್, ಆರ್ಮ್‌ನ ಒಳ ಬುಶ್‌ಗಿಂತ ಮೇಲೆ ಇದ್ದರೆ ಜಾಸ್ತಿ ಇಳಿಸಿದ್ದೀರಿ. ಉದ್ದದ ಬಾಲ್ ಜಾಯಿಂಟ್ ಹಾಕಿ ಸರಿಮಾಡಬಹುದು, ಆದರೆ ಟೈ ರಾಡ್ ತುದಿಯನ್ನೂ ಅದಕ್ಕೆ ತಕ್ಕ ಹಾಗೆ ಇಳಿಸದಿದ್ದರೆ ಉಬ್ಬು ಬಂದಾಗ ಸ್ಟೀರಿಂಗ್ ತಾನೇ ಎಳೆಯುತ್ತೆ.

ಎತ್ತರ ಅಳೆಯೋದು ನೆಲದಿಂದ ಅಲ್ಲ. ಹಬ್ ಮಧ್ಯದಿಂದ ಫೆಂಡರ್ ಅಂಚಿಗೆ. ಟೈರ್ ಗಾಳಿ, ಸವೆತ ಯಾವುದೂ ಆಗ ಲೆಕ್ಕಕ್ಕೆ ಬರಲ್ಲ.

ಟೈರಿನ ಒಳಬದಿಗೂ ಪರ್ಚ್‌ಗೂ ನಡುವೆ 5 ಮಿಮೀ ಆದರೂ ಬೇಕು. ಕ್ಯಾಂಬರ್ ಪ್ಲೇಟ್‌ನಿಂದ ಕ್ಯಾಂಬರ್ ಕೊಟ್ಟರೆ ಸ್ಟ್ರಟ್ ಮತ್ತು ಚಕ್ರ ಜೊತೆಗೇ ವಾಲುತ್ತವೆ, ಆ ಅಂತರ ಬದಲಾಗಲ್ಲ. ನಕಲ್ ಬೋಲ್ಟ್‌ನಿಂದ ಕೊಟ್ಟರೆ ಟೈರ್ ಸ್ಟ್ರಟ್ ಕಡೆಗೆ ವಾಲುತ್ತೆ. ಹಾಗಾಗಿ ಅಲೈನ್‌ಮೆಂಟ್ ಆದ ಮೇಲೆ ಮತ್ತೆ ಬೆರಳು ತೂರಿಸಿ ನೋಡಿ.

ಅಲೈನ್‌ಮೆಂಟ್ ಶುರುಮಾಡೋಕೆ: ಮುಂದೆ ಕ್ಯಾಂಬರ್ ಮೈನಸ್ 1.5ರಿಂದ 1.8 ಡಿಗ್ರಿ, ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಸೊನ್ನೆ. ಹಿಂದೆ ಮೈನಸ್ 1.3, ಎರಡೂ ಚಕ್ರ ಸೇರಿ ಟೋ ಒಳಕ್ಕೆ 0.2 ಡಿಗ್ರಿ. ಒಳ ಅಂಚು ತಿಂದ ಟೈರ್ ನೋಡಿ ಎಲ್ಲರೂ ಕ್ಯಾಂಬರನ್ನು ಬೈತಾರೆ, ತಿಂದಿರೋದು ಹೆಚ್ಚಿನ ಸಲ ಟೋ. ಇಳಿಸಿದಾಗ ಟೋ ಬದಲಾಗೇ ಆಗುತ್ತೆ, ಅದನ್ನು ಸರಿಮಾಡದೆ ತಿಂಗಳುಗಟ್ಟಲೆ ಓಡಿಸಿದ ಮೇಲೆ ಟೈರ್ ಹೇಗೆ ಉಳಿಯುತ್ತೆ ಹೇಳಿ.

ಹೆಡ್‌ಲೈಟ್ ಎತ್ತರದ ಸೆನ್ಸರ್ ಇದ್ದರೆ ಅದನ್ನೂ ಹೊಸ ಎತ್ತರಕ್ಕೆ ಕ್ಯಾಲಿಬ್ರೇಟ್ ಮಾಡಿಸಿ.


ಪಾನಾ_17:

ಹಾಕೋ ಕೆಲಸದ ಬಗ್ಗೆ ಯಾರೂ ಬರೆದಿಲ್ಲ, ಹಾಳಾಗೋದು ಅಲ್ಲೇ.

ಒಂದನೇದು, ಮೇಲಿನ ಶಾಫ್ಟ್ ನಟ್‌ಗೆ ಇಂಪ್ಯಾಕ್ಟ್ ಗನ್ ಹಚ್ಚಬೇಡಿ. ಶಾಫ್ಟ್ ಒಳಗೆ ಗಿರಗಿರ ತಿರುಗಿ ಸೀಲ್ ಹರಿಯತ್ತೆ, ಪಿಸ್ಟನ್ ನಟ್ ಸಡಿಲ ಆಗೋದೂ ಉಂಟು. ಶಾಫ್ಟ್ ತುದಿಯ ಅಲೆನ್ ತೂತಿಗೆ ಕೀ ಕೊಟ್ಟು ಹಿಡಿದು, ನಟ್ಟನ್ನ ಕೈಪಾನಾದಲ್ಲಿ ಬಿಗಿ ಮಾಡಿ. ಇಕ್ಕಳದಲ್ಲಿ ಶಾಫ್ಟ್ ಹಿಡಿದರಂತೂ ಮುಗೀತು. ಆ ಗೀರು ಸೀಲ್ ದಾಟಿದ ದಿನವೇ ಎಣ್ಣೆ ಸೋರೋಕೆ ಶುರು.

ಎರಡನೇದು, ಬುಶ್. ಗಾಡಿ ಜಾಕ್ ಮೇಲೆ, ಚಕ್ರ ನೇತಾಡ್ತಿರುವಾಗ ಆರ್ಮ್‌ನ ಬೋಲ್ಟ್ ಬಿಗಿ ಮಾಡಬಾರದು. ರಬ್ಬರ್ ಬುಶ್ ಒಳಗಿನ ಕೊಳವೆ ಆ ಕೋನದಲ್ಲೇ ಕಚ್ಚಿಕೊಳ್ಳತ್ತೆ. ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಇರತ್ತೆ. ಗಾಡಿ ಒಂದು ಕಡೆ ಎತ್ತರ ನಿಲ್ಲತ್ತೆ, ರೈಡ್ ಗಡುಸಾಗತ್ತೆ, ಸ್ವಲ್ಪ ದಿನದಲ್ಲಿ ರಬ್ಬರ್ ಹರಿಯತ್ತೆ. ಬೋಲ್ಟ್‌ಗಳನ್ನ ಕೈಬಿಗಿ ಬಿಟ್ಟು, ಗಾಡಿ ಚಕ್ರದ ಮೇಲೆ ನಿಲ್ಲಿಸಿ ಅಥವಾ ನಕಲ್ ಕೆಳಗೆ ಜಾಕ್ ಕೊಟ್ಟು ಹಬ್‌ನಿಂದ ಫೆಂಡರ್‌ಗೆ ನಿಮ್ಮ ಅಳತೆ ಬರೋವರೆಗೂ ಎತ್ತಿ, ಆಮೇಲೆ ಟಾರ್ಕ್ ರೆಂಚ್. ಸರ್ವಿಸ್ ಮ್ಯಾನ್ಯುಯಲ್ ಕೋನದ ಲೆಕ್ಕದಲ್ಲಿ ಬಿಗಿ ಮಾಡಿ ಅಂದಿದ್ದರೆ ಆ ಬೋಲ್ಟ್ ಒಂದೇ ಸಲಕ್ಕೆ, ಹೊಸದು ತರಿಸಿ.

ಸ್ಟ್ರಟ್ ಬಿಚ್ಚಿದಾಗ ನಕಲ್ಲನ್ನ ತಂತಿಯಲ್ಲಿ ಕಟ್ಟಿ. ಹೊರಕ್ಕೆ ವಾಲಿ ಬಿದ್ದರೆ ಡ್ರೈವ್‌ಶಾಫ್ಟ್‌ನ ಒಳ ಜಾಯಿಂಟ್ ಕಳಚಿಕೊಳ್ಳತ್ತೆ, ಬ್ರೇಕ್ ಹೋಸ್ ಭಾರ ಹೊರತ್ತೆ. ಎಬಿಎಸ್ ವೈರ್ ಕ್ಲಿಪ್ ಬಿಚ್ಚೋಕೆ ಮರೀಬೇಡಿ.

ಡ್ರಾಪ್ ಲಿಂಕ್ (ಆಂಟಿರೋಲ್ ಬಾರ್‌ನ ತುದಿಯನ್ನ ಸಸ್ಪೆನ್ಷನ್‌ಗೆ ಸೇರಿಸೋ ಸಣ್ಣ ಕಂಬಿ): ಗಾಡಿ ಇಳಿಸಿದ ಮೇಲೆ ಹಳೇ ಉದ್ದದ ಲಿಂಕ್ ಹಾಕಿದರೆ ಬಾರ್‌ನ ತುದಿ ಡ್ರೈವ್‌ಶಾಫ್ಟ್‌ಗೋ ಆರ್ಮ್‌ಗೋ ತಾಗೋ ಸಾಧ್ಯತೆ ಇದೆ. ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ಕಡೆ ನೋಡಿ. 25 ಮಿಮೀಗೆ ಸಾಮಾನ್ಯವಾಗಿ ತಾಗಲ್ಲ. ಆದರೂ ನೋಡಿ.

ಇನ್ನು ಸದ್ದು. ಸಣ್ಣ ಉಬ್ಬಿನಲ್ಲಿ ನಿಧಾನಕ್ಕೆ ಹೋಗುವಾಗ ಟಕ್‌ಟಕ್ ಅಂದರೆ ಮೊದಲು ಡ್ರಾಪ್ ಲಿಂಕ್ ಬಿಚ್ಚಿ ಕಟ್ಟಿಟ್ಟು ಅದೇ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ. ಸದ್ದು ನಿಂತರೆ ಲಿಂಕ್, ನಿಲ್ಲದಿದ್ದರೆ ಟಾಪ್ ನಟ್ ಅಥವಾ ಪಿಲ್ಲೋಬಾಲ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಡಂಯ್ ಅಂತ ತಂತಿ ಮೀಟಿದ ಹಾಗೆ ಕೇಳಿಸಿದರೆ ಸ್ಪ್ರಿಂಗ್ ಸುತ್ತಿಕೊಂಡು ಬಿಡ್ತಿದೆ ಅಂತ. ಮೇಲಿನ ಸೀಟ್‌ಗೆ ಥ್ರಸ್ಟ್ ಬೇರಿಂಗ್ ಹಾಕಿದರೆ ಹೋಗತ್ತೆ. ಜಾಕ್ ಮೇಲೆ ಎತ್ತಿ ಇಳಿಸಿದಾಗ ಮಾತ್ರ ಠಕ್ ಅಂದರೆ ಚಕ್ರ ನೇತಾಡಿದಾಗ ಸ್ಪ್ರಿಂಗ್ ಸೀಟ್‌ನಿಂದ ಸಡಿಲ ಆಗಿ ಬೇರೆ ಜಾಗಕ್ಕೆ ಕೂರ್ತಿದೆ. ಮುಂದೆ 30 ಮಿಮೀ ಪ್ರಿಲೋಡ್ ಇದ್ದರೆ ಇದು ಬರಲ್ಲ. ಹಿಂದೆ ಬಂದರೆ ಹೆಲ್ಪರ್ ಸ್ಪ್ರಿಂಗ್ ಹಾಕಿ. ಅದು ಭಾರ ಹೊರಲ್ಲ, ದೊಡ್ಡ ಸ್ಪ್ರಿಂಗ್ ಜಾಗ ಬಿಡದ ಹಾಗೆ ಹಿಡಿದಿರತ್ತೆ ಅಷ್ಟೇ.

ಲಾಕ್ ಕಾಲರ್‌ಗಳನ್ನ 200 ಕಿಮೀ ಓಡಿದ ಮೇಲೆ ಮತ್ತೊಂದು ಸಲ ಬಿಗಿ ಮಾಡಿ. ಸ್ಪ್ರಿಂಗ್ ಕೂಡ ಅಷ್ಟರಲ್ಲಿ ಕೆಲವು ಮಿಮೀ ಕೂರತ್ತೆ, ಅದಾದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಮೊದಲೇ ಅಲ್ಲ. ಥ್ರೆಡ್‌ಗೆ ಗ್ರೀಸ್ ಬಳೀಬೇಡಿ, ಮರಳು ಅಂಟಿ ಉಜ್ಜುಕಾಗದ ಆಗತ್ತೆ. ನೈಲಾನ್ ಬ್ರಶ್‌ನಲ್ಲಿ ತೊಳೆದು ಒಣಗಿಸಿ ಡ್ರೈ ಲ್ಯೂಬ್ ಹೊಡೀರಿ.


ಮೂರನೇಗೇರ್:

ರಬ್ಬರ್ ಟಾಪ್ ಮೌಂಟ್ ಇರುವ ಬಿ ಕಿಟ್ ಕಡೆ ವಾಲ್ತಿದ್ದೀನಿ. ಅದರಲ್ಲಿ ಡ್ಯಾಂಪಿಂಗ್ ಬದಲಿಸೋಕೆ ಆಗಲ್ಲ ಅನ್ನೋದೊಂದೇ ಕೊರಗು. ಮಧ್ಯದ ದಾರಿ ಇಲ್ವಾ?


ಒದ್ದೆಟಾರು:

ಇದೆ. ಒಂದೇ ತಯಾರಕರಲ್ಲಿ ಮೆಟ್ಟಿಲು ಇರತ್ತೆ, ನಿಮ್ಮ ಗಾಡಿಗೆ ಯಾವುದು ಸಿಗತ್ತೆ ನೋಡಿ. ಕೆಡಬ್ಲ್ಯೂ ವಿ1ರಲ್ಲಿ ಡ್ಯಾಂಪಿಂಗ್ ಫಿಕ್ಸೆಡ್, ವಿ2ರಲ್ಲಿ ರೀಬೌಂಡ್ ಮಾತ್ರ, ವಿ3ರಲ್ಲಿ ರೀಬೌಂಡ್ ಮತ್ತು ಕಂಪ್ರೆಷನ್ ಬೇರೆ ಬೇರೆ. ಬಿಲ್‌ಸ್ಟೈನ್‌ನಲ್ಲಿ ಬಿ14 ಫಿಕ್ಸೆಡ್, ಬಿ16ರಲ್ಲಿ ಅಡ್ಜಸ್ಟರ್ ಬರತ್ತೆ, ಎರಡೂ ಮೊನೊಟ್ಯೂಬ್. ಓಲಿನ್ಸ್ ರೋಡ್ ಅಂಡ್ ಟ್ರ್ಯಾಕ್‌ನಲ್ಲಿ ಇನ್ನೊಂದು ವಾಲ್ವ್ ಇದೆ, ಚೂಪು ಏಟು ಬಂದಾಗ ಎರಡೂ ದಿಕ್ಕಿಗೆ ಎಣ್ಣೆಗೆ ದಾರಿ ಬಿಡತ್ತೆ. ಟೈನ್ ಫ್ಲೆಕ್ಸ್ ಝಡ್ ಟ್ವಿನ್‌ಟ್ಯೂಬ್, 16 ಹಂತದ ಅಡ್ಜಸ್ಟರ್, ಆದರೆ ಮೈ ಸೀಲ್ ಮಾಡಿದ್ದು; ಹಳತಾದರೆ ಬಿಚ್ಚಿ ರಿಪೇರಿ ಮಾಡೋ ಬದಲು ಡ್ಯಾಂಪರನ್ನೇ ಬದಲಿಸೋದು. ಯಾವುದೇ ಆಗಲಿ, ಸೀಲ್ ಹೋದಾಗ ಒಂದು ಡ್ಯಾಂಪರ್ ಮಾತ್ರ ಬಿಡಿಯಾಗಿ ಸಿಗತ್ತಾ ಅಂತ ಕೊಳ್ಳೋ ಮೊದಲೇ ಕೇಳಿ.

ಕೊರಗು ಪಡೋ ಅಗತ್ಯ ಇಲ್ಲ. ಒಂಟಿ ಅಡ್ಜಸ್ಟರ್ ಅಂದರೆ ಒಳಗೆ ಒಂದು ಸೂಜಿ, ಅದು ಸಣ್ಣ ತೂತನ್ನು ಮುಚ್ಚೋದು ತೆರೆಯೋದು. ಶಾಕ್ ನಿಧಾನ ಚಲಿಸುವಾಗ, ಅಂದರೆ ಓಲುವಾಗ, ಬ್ರೇಕ್ ಹಾಕಿದಾಗ ಅದರ ಮಾತು ನಡೆಯತ್ತೆ. ಗುಂಡಿಯ ಅಂಚಿಗೆ ಚಕ್ರ ಹೊಡೆದಾಗ ಎಣ್ಣೆ ಹೋಗೋದು ಪಿಸ್ಟನ್ ಮೇಲಿನ ಶಿಮ್ ತಗಡುಗಳನ್ನು ಬಗ್ಗಿಸಿಕೊಂಡು, ಅಲ್ಲಿ ಸೂಜಿಗೆ ಹೆಚ್ಚು ಕೆಲಸ ಇಲ್ಲ. ಚೂಪು ಏಟು ಕಡಿಮೆ ಆಗಲಿ ಅಂತ ಕ್ಲಿಕ್ ತಿರುಗಿಸೋರಿಗೆ ಸಿಗೋದು ನಿರಾಸೆಯೇ.

ಅಡ್ಜಸ್ಟರ್ ಇರೋದನ್ನೇ ತಗೊಂಡರೆ ಯಾವಾಗಲೂ ಪೂರ್ತಿ ಗಟ್ಟಿ ತುದಿಯಿಂದ ಎಣಿಸಿ, ಸೂಜಿ ಸೀಟಿಗೆ ಕೂರೋ ತುದಿ ಅದು, ಅಲ್ಲಿ ಮಾತ್ರ ಎರಡೂ ಕಡೆ ಸೊನ್ನೆ ಒಂದೇ ಜಾಗ. ಬಲವಂತ ಮಾಡಬೇಡಿ. ಪೂರ್ತಿ ಸಾಫ್ಟ್‌ನಿಂದ ಶುರು ಮಾಡಿ, ಅಲೆಅಲೆಯಾದ ರಸ್ತೆಯಲ್ಲಿ ಒಂದು ಉಬ್ಬು ದಾಟಿದ ಮೇಲೆ ಗಾಡಿ ಒಂದೇ ಸಲ ಏರಿ ಇಳಿದು ನಿಲ್ಲೋವರೆಗೆ ಎರಡೆರಡು ಕ್ಲಿಕ್ ಗಟ್ಟಿ ಮಾಡ್ತಾ ಬನ್ನಿ. ಅಲ್ಲಿ ನಿಲ್ಲಿಸಿ. ಅದನ್ನೂ ದಾಟಿದರೆ ಸಾಲಾಗಿ ಉಬ್ಬು ಬಂದಾಗ ಸ್ಪ್ರಿಂಗ್ ಚಾಚಿಕೊಳ್ಳೋ ಮೊದಲೇ ಮುಂದಿನ ಏಟು ಬೀಳತ್ತೆ, ಗಾಡಿ ಇಳೀತಾ ಇಳೀತಾ ಬಂಪ್ ಸ್ಟಾಪ್ ಮೇಲೆ ಕೂರತ್ತೆ. ಮೊದಲನೇ ಉಬ್ಬು ಹಿತ, ನಾಲ್ಕನೇದು ಕಲ್ಲು ಅನ್ನಿಸಿದರೆ ಸ್ಪ್ರಿಂಗ್ ಬೈಬೇಡಿ, ರೀಬೌಂಡ್ ಎರಡು ಕ್ಲಿಕ್ ಬಿಡಿ.


ಪಾನಾ_17:

ಯಾವ ಕಿಟ್ ಹಾಕಿದರೂ ಇದೊಂದು ಮಾಡಿ. ಮುಂದಿನ ಶಾಫ್ಟ್‌ಗೆ ಒಂದು ತೆಳು ಜಿಪ್ ಟೈ ಸುತ್ತಿ, ಬೆರಳಲ್ಲಿ ತಳ್ಳಿದರೆ ಜರುಗೋ ಅಷ್ಟು ಮಾತ್ರ ಬಿಗಿ. ಬಾಲ ಕತ್ತರಿಸಿ. ಡಸ್ಟ್ ಬೂಟ್ ಮೇಲಕ್ಕೆ ಸರಿಸಿಟ್ಟು, ಜಿಪ್ ಟೈಯನ್ನ ಡ್ಯಾಂಪರ್ ಮೈಯ ಬಾಯಿಗೆ ತಾಗೋ ಹಾಗೆ ಕೆಳಕ್ಕೆ ತಳ್ಳಿ, ನಿಮ್ಮ ದಿನದ ರಸ್ತೆಯಲ್ಲಿ ಒಂದು ವಾರ ಓಡಿಸಿ. ವಾಪಸ್ ಬಂದು ಜಿಪ್ ಟೈ ಶಾಫ್ಟ್ ಮೇಲೆ ಎಲ್ಲಿ ನಿಂತಿದೆ ನೋಡಿ. ಬಂಪ್ ಸ್ಟಾಪ್‌ನ ಕೆಳ ಅಂಚಿಗಿಂತ 10-15 ಮಿಮೀ ಕೆಳಗೇ ನಿಂತಿದ್ದರೆ ಇನ್ನೂ ಜಾಗ ಇದೆ. ಸ್ಟಾಪ್‌ನ ಮೊದಲ ಮಡಿಕೆ ಒಳಗೆ ತಳ್ಳಿದ್ದರೆ ಸರಿಯಾಗಿದೆ, ಆ ಫೋಮ್ ಕೂಡ ಒಂದು ಸ್ಪ್ರಿಂಗೇ. ಸ್ಟಾಪ್‌ನ ಬುಡದ ಹತ್ತಿರ ಹೋಗಿ ಸಿಕ್ಕಿಕೊಂಡಿದ್ದರೆ ಎತ್ತರವನ್ನ 5 ಮಿಮೀ ಏರಿಸಿ ಮತ್ತೆ ನೋಡಿ. ಸ್ಟಾಪ್ ಕತ್ತರಿಸಿ ಜಾಗ ಮಾಡೋಕೆ ಹೋಗಬೇಡಿ, ಆಮೇಲೆ ಕಬ್ಬಿಣ ಕಬ್ಬಿಣಕ್ಕೆ ಬಡಿದು ಡ್ಯಾಂಪರ್ ಒಳಗಿನ ವಾಲ್ವ್ ಹೋಗತ್ತೆ.

ನೋಡಿ ಆದ ಮೇಲೆ ಜಿಪ್ ಟೈ ಕತ್ತರಿಸಿ ತೆಗೀರಿ, ಬೂಟ್ ಕೆಳಗೆ ಎಳೆದು ಕೂರಿಸಿ. ಅಲ್ಲೇ ಬಿಟ್ಟರೆ ಅದರಡಿ ಮಣ್ಣು ಕೂತು ಶಾಫ್ಟ್‌ಗೆ ಗೀರು ಬೀಳತ್ತೆ.